ಒಂದು ಸೊನ್ನೆಯ ಬೆಲೆ: ಇನ್‌ಸ್ಟ್ರಕ್ಷನ್ ಎಣಿಸಿ ಎಮ್ಯುಲೇಟರ್ ಅಳೆದ ಪ್ರಕರಣ

ವಾದ ಶುರುವಾಗಿದ್ದು ಒಂದೇ ಒಂದು ಸಾಲಿನ ಕೋಡ್‌ನಿಂದ.

ನಾನೂ ನನ್ನ ಗೆಳೆಯನೂ ಸೇರಿ ರಿಸ್ಕ್-ಫೈವ್ ಪ್ರೊಸೆಸರ್‌ಗೆ ಸಿ ಭಾಷೆಯಲ್ಲಿ ಒಂದು ಎಮ್ಯುಲೇಟರ್, ಅಂದರೆ ಆ ಪ್ರೊಸೆಸರ್‌ನಂತೆಯೇ ನಡೆದುಕೊಳ್ಳುವ ಪ್ರೋಗ್ರಾಮ್, ಬರೆಯುತ್ತಿದ್ದೆವು. ಅದರ ಎಲ್ಲಾ ವಿಸ್ತರಣೆಗಳೂ ಬೇಕಿರಲಿಲ್ಲ, ಆರ್‌ವಿ32ಐ ಅನ್ನುವ ಮೂಲ ರೂಪ ಮಾತ್ರ ಸಾಕಿತ್ತು. ಅದರಲ್ಲಿ 32 ರಿಜಿಸ್ಟರ್‌ಗಳು (ಪ್ರೊಸೆಸರ್ ಒಳಗೆ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಮನೆಗಳು), ಪ್ರತಿ ಇನ್‌ಸ್ಟ್ರಕ್ಷನ್‌ಗೂ (ಪ್ರೊಸೆಸರ್‌ಗೆ ಕೊಡುವ ಒಂದೊಂದು ಆದೇಶಕ್ಕೂ) 4 ಬೈಟ್. ಗುಣಾಕಾರ, ಭಾಗಾಕಾರದ ಇನ್‌ಸ್ಟ್ರಕ್ಷನ್ ಕೂಡ ಇಲ್ಲ. ಎಮ್ಯುಲೇಟರ್ ಬರೆಯೋದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಪ್ರೊಸೆಸರ್‌ನಲ್ಲಿ ಎಕ್ಸ್0 ಅನ್ನುವ ರಿಜಿಸ್ಟರ್ ಯಾವಾಗಲೂ ಸೊನ್ನೆ. ಓದಿದರೆ ಸೊನ್ನೆ ಸಿಗುತ್ತದೆ, ಬರೆದರೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಚಿಪ್‌ನಲ್ಲಿ ಇದು ಪುಕ್ಕಟೆ ಸಿಗುತ್ತದೆ. ಎಮ್ಯುಲೇಟರ್‌ನಲ್ಲಿ ರಿಜಿಸ್ಟರ್‌ಗಳೆಲ್ಲ ಒಂದು ಅರೇಯಲ್ಲಿ ಇರುತ್ತವೆ. ಹಾಗಾಗಿ ಆ ಸೊನ್ನೆ ಸೊನ್ನೆಯಾಗಿಯೇ ಇರುವಂತೆ ನಾವೇ ನೋಡಿಕೊಳ್ಳಬೇಕು. ನಾನು ಬರೆದಿದ್ದು ಸರಳ ದಾರಿ. ಪ್ರತಿ ಗೆಸ್ಟ್ ಇನ್‌ಸ್ಟ್ರಕ್ಷನ್ (ಎಮ್ಯುಲೇಟರ್ ಒಳಗೆ ಓಡುವ ಪ್ರೋಗ್ರಾಮ್‌ನದ್ದು) ಮುಗಿದ ಮೇಲೆ ಅರೇಯ ಮೊದಲ ಮನೆಗೆ ಸೊನ್ನೆ ಹಾಕಿಬಿಡುವುದು. ಗೆಳೆಯನಿಗೆ ಅದು ದಂಡ ಅನ್ನಿಸಿತು. "ಸುಮ್ನೆ ಪ್ರತಿ ಸಲ ಯಾಕೆ ಬರೀಬೇಕು? ರಿಜಿಸ್ಟರ್‌ಗೆ ಬರೆಯೋ ಇನ್‌ಸ್ಟ್ರಕ್ಷನ್ ಬಂದಾಗ ಮಾತ್ರ, ಅದು ಎಕ್ಸ್0 ಅಲ್ವಾ ಅಂತ ನೋಡಿದ್ರೆ ಸಾಕು" ಅಂದ. ಬದಲಾಯಿಸಿ ಓಡಿಸಿದ. "ಬೇಗ ಆಯ್ತು ನೋಡು" ಅಂದ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ನಿಧಾನವಾಯಿತು. ಮರುದಿನ ಬೆಳಿಗ್ಗೆ ಓಡಿಸಿದರೆ ಬೇಗ. ಚಾರ್ಜರ್ ತೆಗೆದರೆ ಮತ್ತೆ ನಿಧಾನ. ಒಂದೇ ಕೋಡನ್ನು ಹತ್ತು ಸಲ ಓಡಿಸಿದಾಗ ಹೆಚ್ಚಿನ ಸಮಯಕ್ಕೂ ಕಡಿಮೆ ಸಮಯಕ್ಕೂ ಶೇ 5ರಷ್ಟು ಅಂತರ ಬರುತ್ತಿತ್ತು. ಈಗಿನ ಪ್ರೊಸೆಸರ್‌ಗಳು ತಣ್ಣಗಿದ್ದಾಗ ವೇಗ ಏರಿಸಿಕೊಳ್ಳುತ್ತವೆ, ಬಿಸಿಯಾದರೆ ಇಳಿಸುತ್ತವೆ. ಪಕ್ಕದಲ್ಲಿ ಬ್ರೌಸರ್ ಓಡುತ್ತಿದ್ದರೆ ಕ್ಯಾಶ್ (ಪ್ರೊಸೆಸರ್‌ಗೆ ಅಂಟಿಕೊಂಡಿರುವ ಚಿಕ್ಕ, ವೇಗದ ಮೆಮೊರಿ) ಹಂಚಿಹೋಗುತ್ತದೆ. ಪ್ರೋಗ್ರಾಮ್ ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆ ಅನ್ನುವುದೂ ಪ್ರತಿ ಸಲ ಬೇರೆ. ಗೆಳೆಯನ ಬದಲಾವಣೆಯಿಂದ ಏನಾದರೂ ಲಾಭವಿದ್ದರೆ ಅದು ಶೇ 1ರ ಆಸುಪಾಸಿನದ್ದು. ಶೇ 5ರ ಗದ್ದಲದಲ್ಲಿ ಶೇ 1ರ ದನಿ ಕೇಳಿಸುವುದಿಲ್ಲ. ಸಾವಿರ ಸಲ ಓಡಿಸಿ ಸರಾಸರಿ ತೆಗೆಯಬಹುದಿತ್ತು. ಆದರೆ ಪ್ರತಿ ಸಣ್ಣ ಬದಲಾವಣೆಗೂ ಹಾಗೆ ಮಾಡುತ್ತಾ ಕೂರಲು ಆಗುವುದಿಲ್ಲ.

ಗಡಿಯಾರ ಬಿಟ್ಟು ಎಣಿಕೆಗೆ

ನಾವು ಕೇಳುತ್ತಿದ್ದ ಪ್ರಶ್ನೆ ಏನು? "ಎಷ್ಟು ಹೊತ್ತು ಆಯಿತು" ಅಂತ ಅಲ್ಲವೇ ಅಲ್ಲ. "ಒಂದು ಗೆಸ್ಟ್ ಇನ್‌ಸ್ಟ್ರಕ್ಷನ್ ನಡೆಸಲು ನಮ್ಮ ಎಮ್ಯುಲೇಟರ್ ಎಷ್ಟು ಕೆಲಸ ಮಾಡುತ್ತಿದೆ" ಅನ್ನುವುದು ನಮಗೆ ಬೇಕಿತ್ತು. ಕೆಲಸ ಅಂದರೆ ಹೋಸ್ಟ್ ಪ್ರೊಸೆಸರ್ (ಎಮ್ಯುಲೇಟರ್ ಓಡುತ್ತಿರುವ ನಿಜವಾದ ಯಂತ್ರದ್ದು) ನಡೆಸಿದ ಇನ್‌ಸ್ಟ್ರಕ್ಷನ್‌ಗಳು. ಅವನ್ನು ಎಣಿಸಲು ಪ್ರೊಸೆಸರ್ ಒಳಗೇ ಕೌಂಟರ್‌ಗಳಿವೆ. ಲಿನಕ್ಸ್‌ನಲ್ಲಿ 2009ರ 2.6.31 ಕರ್ನಲ್‌ನಿಂದಲೂ (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು) ಪರ್ಫ್ ಅನ್ನುವ ಸೌಲಭ್ಯ ಆ ಕೌಂಟರ್‌ಗಳನ್ನು ಓದಿ ಕೊಡುತ್ತದೆ. ಪ್ರೊಸೆಸರ್ ಮುಂದಿನದ್ದನ್ನು ಊಹಿಸಿ ನಡೆಸಿ, ಊಹೆ ತಪ್ಪಿದಾಗ ಬಿಸಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ನಿಜವಾಗಿ ಪೂರ್ತಿಯಾದವು ಮಾತ್ರ ಬರುತ್ತವೆ. ಕರ್ನಲ್ ಒಳಗಿನ ಕೆಲಸ ಸೇರದಂತೆ, ಯೂಸರ್ ಭಾಗದ್ದನ್ನು ಮಾತ್ರ ಎಣಿಸು ಅಂತಲೂ ಹೇಳಬಹುದು. ನಾವು ಹಾಗೇ ಮಾಡಿದೆವು.

ಪರೀಕ್ಷೆಗೆ ಗೆಸ್ಟ್ ಪ್ರೋಗ್ರಾಮ್ ಒಂದು ಬೇಕಲ್ಲ. 10,000ದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಜರಡಿ ಹಿಡಿಯುವ ಪುಟ್ಟ ಪ್ರೋಗ್ರಾಮನ್ನು ಅಸೆಂಬ್ಲಿಯಲ್ಲೇ ಬರೆದೆವು. ಜರಡಿಯನ್ನು 10,000 ಸುತ್ತು ಓಡಿಸಿ, ಕೊನೆಯ ಸುತ್ತಿನಲ್ಲಿ ಮಾತ್ರ ಸಿಕ್ಕ ಪ್ರತಿ ಅವಿಭಾಜ್ಯಕ್ಕೂ ಒಂದು ಚುಕ್ಕಿ ಪ್ರಿಂಟ್ ಮಾಡುತ್ತದೆ. ಒಟ್ಟು ಸುಮಾರು 81 ಕೋಟಿ ಗೆಸ್ಟ್ ಇನ್‌ಸ್ಟ್ರಕ್ಷನ್‌ಗಳು.

ಮೊದಲ ಸಲ ಪರ್ಫ್ ಓಡಿಸಿದಾಗ ನನಗೆ ಆದ ಸಮಾಧಾನ ಹೇಳತೀರದು. ಒಂದೇ ಬೈನರಿಯನ್ನು ಹತ್ತು ಸಲ ಓಡಿಸಿದರೂ ಎಣಿಕೆ ಹೆಚ್ಚುಕಮ್ಮಿ ಒಂದೇ. ಕೊನೆಯ ಕೆಲವು ಅಂಕಿಗಳಷ್ಟೇ ಅಲ್ಲಾಡುತ್ತಿದ್ದವು. ಚಾರ್ಜರ್ ತೆಗೆದರೂ ಅಷ್ಟೇ, ಬ್ರೌಸರ್ ಓಡುತ್ತಿದ್ದರೂ ಅಷ್ಟೇ.

ಎಮ್ಯುಲೇಟರ್ ಶುರುವಾಗುವಾಗ ಫೈಲ್ ಓದುವುದು, ಮೆಮೊರಿ ಸಿದ್ಧ ಮಾಡುವುದು, ಲೈಬ್ರರಿ ಜೋಡಿಸುವುದು ಇದ್ದೇ ಇರುತ್ತದೆ. ಅದು ನಮ್ಮ ಲೆಕ್ಕದಲ್ಲಿ ಬೆರೆಯಬಾರದು. ಅದಕ್ಕೆ 10,000 ಸುತ್ತಿಗೆ ಒಂದು ಸಲ, 20,000 ಸುತ್ತಿಗೆ ಒಂದು ಸಲ ಓಡಿಸಿ ವ್ಯತ್ಯಾಸ ತೆಗೆದೆವು. ಶುರುವಿನ ಖರ್ಚು ಎರಡರಲ್ಲೂ ಒಂದೇ ಇರುವುದರಿಂದ ಕಳೆದುಹೋಗುತ್ತದೆ. ಉಳಿಯುವುದು ಶುದ್ಧ 10,000 ಸುತ್ತಿನ ಕೆಲಸ. ಅದನ್ನು ಗೆಸ್ಟ್ ಎಣಿಕೆಯಿಂದ ಭಾಗಿಸಿದಾಗ ಬಂದ ಸಂಖ್ಯೆ ಸುಮಾರು 29. ಒಂದು ಗೆಸ್ಟ್ ಇನ್‌ಸ್ಟ್ರಕ್ಷನ್‌ಗೆ 29 ಹೋಸ್ಟ್ ಇನ್‌ಸ್ಟ್ರಕ್ಷನ್. ಮೆಮೊರಿಯಿಂದ ಇನ್‌ಸ್ಟ್ರಕ್ಷನ್ ತರುವುದು, ಅದರ ಬಿಟ್‌ಗಳನ್ನು ಬಿಡಿಸುವುದು, ಸ್ವಿಚ್‌ನಲ್ಲಿ ಸರಿಯಾದ ಜಾಗಕ್ಕೆ ಹಾರುವುದು, ಕೆಲಸ ಮಾಡುವುದು, ಮತ್ತೆ ಮೇಲಕ್ಕೆ ಬರುವುದು, ಎಲ್ಲ ಸೇರಿ.

ಎಕ್ಸ್0 ವಿಚಾರಣೆ

ಈಗ ಗೆಳೆಯನ ಬದಲಾವಣೆ. ಓಡಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕೋಣ ಅಂದುಕೊಂಡೆವು. ಎಣಿಕೆಯ ದೊಡ್ಡ ಸುಖ ಇದೇ. ಸಮಯ ಎಷ್ಟಾಗುತ್ತದೆ ಅಂತ ಮುಂಚೆಯೇ ಹೇಳುವುದು ಕಷ್ಟ, ಎಣಿಕೆ ಎಷ್ಟಾಗುತ್ತದೆ ಅಂತ ಹೇಳಬಹುದು.

ನನ್ನ ದಾರಿಯಲ್ಲಿ ಪ್ರತಿ ಗೆಸ್ಟ್ ಇನ್‌ಸ್ಟ್ರಕ್ಷನ್‌ಗೆ ಒಂದು ಹೋಸ್ಟ್ ಇನ್‌ಸ್ಟ್ರಕ್ಷನ್ ಹೆಚ್ಚುವರಿ: ಸೊನ್ನೆ ಬರೆಯುವ ಸ್ಟೋರ್. ಅವನ ದಾರಿಯಲ್ಲಿ, ಡಿಸ್‌ಅಸೆಂಬ್ಲಿ (ಕಂಪೈಲರ್ ಹುಟ್ಟಿಸಿದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ತೆಗೆದು ನೋಡಿದಾಗ, ಎರಡು ಇದ್ದವು: ಒಂದು ಪರೀಕ್ಷೆ, ಒಂದು ಜಿಗಿತ. ಆದರೆ ರಿಜಿಸ್ಟರ್‌ಗೆ ಬರೆಯುವ ಇನ್‌ಸ್ಟ್ರಕ್ಷನ್‌ಗಳಿಗೆ ಮಾತ್ರ. ಸ್ಟೋರ್‌ಗೂ (ಮೆಮೊರಿಗೆ ಬರೆಯುವುದು) ಬ್ರಾಂಚ್‌ಗೂ (ಷರತ್ತು ನೋಡಿ ಜಿಗಿಯುವುದು) ಅವನ ದಾರಿಯಲ್ಲಿ ಖರ್ಚಿಲ್ಲ. ಜರಡಿಯ ಒಳಗಿನ ಲೂಪ್ ಮೂರೇ ಇನ್‌ಸ್ಟ್ರಕ್ಷನ್: ಒಂದು ಬೈಟ್ ಸ್ಟೋರ್, ಒಂದು ಕೂಡುವುದು, ಒಂದು ಬ್ರಾಂಚ್. ಇದರಲ್ಲಿ ರಿಜಿಸ್ಟರ್‌ಗೆ ಬರೆಯುವುದು ಒಂದೇ. ಹಾಗಾದರೆ ಈ ಲೂಪ್‌ನ ಪ್ರತಿ ಸುತ್ತಿಗೆ ನನ್ನ ದಾರಿಯಲ್ಲಿ 3, ಅವನ ದಾರಿಯಲ್ಲಿ 2. ಮೂರು ಗೆಸ್ಟ್ ಇನ್‌ಸ್ಟ್ರಕ್ಷನ್‌ಗೆ ಒಂದು ಉಳಿತಾಯ. 81 ಕೋಟಿಗೆ 27 ಕೋಟಿ.

ಓಡಿಸಿದೆವು. ಉಳಿತಾಯ 27 ಕೋಟಿಯ ಹತ್ತಿರವೇ ಬಂತು. ಹೊರಗಿನ ಲೂಪ್‌ನಿಂದ ಬಂದ ಚೂರು ವ್ಯತ್ಯಾಸ ಅಷ್ಟೇ. ಒಟ್ಟು ಎಣಿಕೆಯಲ್ಲಿ ಇದು ಶೇ 1ಕ್ಕೆ ಸ್ವಲ್ಪ ಮೇಲೆ. ಗಡಿಯಾರಕ್ಕೆ ಕಾಣದೇ ಹೋದದ್ದು ಇಲ್ಲಿ ಹಗಲಿನಷ್ಟು ಸ್ಪಷ್ಟ. ಗೆಳೆಯ ಗೆದ್ದ.

ಗೆದ್ದನೇ? ನನಗೆ ಆ ಮೂರು ಇನ್‌ಸ್ಟ್ರಕ್ಷನ್‌ನ ಲೂಪ್ ಬಗ್ಗೆಯೇ ಅನುಮಾನ ಬಂತು. ಮೂರರಲ್ಲಿ ಎರಡು ಇನ್‌ಸ್ಟ್ರಕ್ಷನ್ ರಿಜಿಸ್ಟರ್‌ಗೆ ಬರೆಯುವುದೇ ಇಲ್ಲ ಅನ್ನುವುದು ಸಾಮಾನ್ಯ ಪ್ರೋಗ್ರಾಮ್‌ಗಳ ಲಕ್ಷಣ ಅಲ್ಲ. ಹೆಚ್ಚಿನ ಪ್ರೋಗ್ರಾಮ್‌ಗಳಲ್ಲಿ ಲೋಡ್, ಕೂಡು, ಕಳೆ, ಶಿಫ್ಟ್ ಇಂಥವೇ ಜಾಸ್ತಿ, ಇವೆಲ್ಲ ರಿಜಿಸ್ಟರ್‌ಗೆ ಬರೆಯುತ್ತವೆ. ಲೆಕ್ಕದ ಪ್ರಕಾರ ಬರೆಯುವ ಇನ್‌ಸ್ಟ್ರಕ್ಷನ್‌ಗಳು ಅರ್ಧಕ್ಕಿಂತ ಹೆಚ್ಚಾದರೆ ಅವನ ದಾರಿ ನಷ್ಟಕ್ಕೆ ತಿರುಗಬೇಕು.

ಅದಕ್ಕೆ ಇನ್ನೊಂದು ಗೆಸ್ಟ್ ಪ್ರೋಗ್ರಾಮ್ ತಂದೆವು: ಒಂದೊಂದೇ ಬಿಟ್ ಹಿಡಿದು ಸಿಆರ್‌ಸಿ-32 (ಡೇಟಾ ಕೆಟ್ಟಿದೆಯೇ ಅಂತ ತಿಳಿಯಲು ಬಳಸುವ ತಾಳೆ ಸಂಖ್ಯೆ) ಲೆಕ್ಕ ಹಾಕುವುದು. ಇದರ ಒಳಗಿನ ಲೂಪ್ ಏಳು ಇನ್‌ಸ್ಟ್ರಕ್ಷನ್‌ನದ್ದು. ಕೊನೆಯ ಬಿಟ್ ತೆಗೆಯುವುದು, ಅದನ್ನು ಋಣ ಮಾಡುವುದು, ಆಂಡ್, ಬಲಕ್ಕೆ ಶಿಫ್ಟ್, ಎಕ್ಸಾರ್, ಎಣಿಕೆ ಇಳಿಸುವುದು, ಬ್ರಾಂಚ್. ಏಳರಲ್ಲಿ ಆರು ರಿಜಿಸ್ಟರ್‌ಗೆ ಬರೆಯುತ್ತವೆ. ನನ್ನ ದಾರಿಯಲ್ಲಿ 7, ಅವನ ದಾರಿಯಲ್ಲಿ 12. ಓಡಿಸಿದಾಗ ಪರ್ಫ್ ಹೇಳಿದ್ದೂ ಅದನ್ನೇ, ಪ್ರತಿ ಸುತ್ತಿಗೆ ಐದು ಜಾಸ್ತಿ.

ಅಂದರೆ ಒಂದೇ ಬದಲಾವಣೆ, ಒಂದು ಪ್ರೋಗ್ರಾಮ್‌ಗೆ ಲಾಭ, ಇನ್ನೊಂದಕ್ಕೆ ನಷ್ಟ. ನಾವು ಜರಡಿಯೊಂದನ್ನೇ ನಂಬಿದ್ದರೆ ಎಣಿಕೆ ಅಷ್ಟು ಖಚಿತವಾಗಿದ್ದೂ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು. ಅಳತೆ ನಿಖರವಾದಷ್ಟೂ ಏನನ್ನು ಅಳೆಯುತ್ತಿದ್ದೇವೆ ಅನ್ನುವ ಎಚ್ಚರ ಹೆಚ್ಚು ಬೇಕು ಅನ್ನುವುದು ನನಗೆ ಆವತ್ತು ಮನಸ್ಸಿಗೆ ನಾಟಿತು.

ಗೆಳೆಯನಿಗೆ ನಮ್ಮ ಎಮ್ಯುಲೇಟರ್ ಸೆಕೆಂಡಿಗೆ ಇಷ್ಟು ಮಿಲಿಯನ್ ಇನ್‌ಸ್ಟ್ರಕ್ಷನ್ ನಡೆಸುತ್ತದೆ ಅಂತ ಒಂದು ಸಂಖ್ಯೆ ಹಾಕಿಕೊಳ್ಳುವ ಆಸೆಯಿತ್ತು. ಅದೂ ಇದೇ ಕಾರಣಕ್ಕೆ ಬಿಟ್ಟೆವು. ಇದು ಹಳೆಯ ತೊಡಕು. ವ್ಯಾಕ್ಸ್-11/780 ಅನ್ನುವ ಹಳೆಯ ಕಂಪ್ಯೂಟರನ್ನು ಎಲ್ಲರೂ 1 ಮಿಪ್ಸ್ (ಸೆಕೆಂಡಿಗೆ ಹತ್ತು ಲಕ್ಷ ಇನ್‌ಸ್ಟ್ರಕ್ಷನ್) ಅಂತ ಅಳತೆಗೆ ಇಟ್ಟುಕೊಂಡಿದ್ದರು. ಅದರ ಗಡಿಯಾರ 5 ಮೆಗಾಹರ್ಟ್ಸ್. ಒಂದು ಇನ್‌ಸ್ಟ್ರಕ್ಷನ್‌ಗೆ ಸರಾಸರಿ ಹತ್ತಕ್ಕೂ ಹೆಚ್ಚು ಸೈಕಲ್ (ಆ ಗಡಿಯಾರದ ಮಿಡಿತ) ಬೇಕಾಗುತ್ತಿತ್ತು. ಅಂದರೆ ತನ್ನದೇ ಇನ್‌ಸ್ಟ್ರಕ್ಷನ್‌ಗಳನ್ನು ಅದು ಸೆಕೆಂಡಿಗೆ ನಡೆಸುತ್ತಿದ್ದದ್ದು 5 ಲಕ್ಷದ ಆಸುಪಾಸು. ಹತ್ತು ಲಕ್ಷ ಅಲ್ಲವೇ ಅಲ್ಲ. ಯಾವ ಇನ್‌ಸ್ಟ್ರಕ್ಷನ್ ಅಂತ ಹೇಳದೆ ಎಷ್ಟು ಇನ್‌ಸ್ಟ್ರಕ್ಷನ್ ಅಂತ ಹೇಳಿದರೆ ಮಾತು ಪೂರ್ತಿಯಾಗುವುದಿಲ್ಲ.

ಇಬ್ಬರ ದಾರಿಯೂ ಬೇಡ ಅಂತ ತೀರ್ಮಾನಿಸಿದೆವು. ಮೂರನೆಯ ದಾರಿ ಇತ್ತು. ಬಿಟ್‌ಗಳನ್ನು ಬಿಡಿಸುವಾಗಲೇ, ಬರೆಯಬೇಕಾದ ರಿಜಿಸ್ಟರ್ ಎಕ್ಸ್0 ಆಗಿದ್ದರೆ ಅದರ ಸಂಖ್ಯೆಯನ್ನು 32 ಅಂತ ಬದಲಾಯಿಸುವುದು. ಅರೇಯಲ್ಲಿ 33ನೇ ಮನೆಯೊಂದನ್ನು ಕಸದ ಬುಟ್ಟಿಯಾಗಿ ಇಟ್ಟರಾಯಿತು. ಎಕ್ಸ್0ಗೆ ಹೋಗಬೇಕಾದದ್ದೆಲ್ಲ ಅಲ್ಲಿ ಬೀಳುತ್ತದೆ, ಯಾರೂ ಅದನ್ನು ಓದುವುದಿಲ್ಲ. ಆದರೆ ಪ್ರತಿ ಸಲ ಬಿಟ್ ಬಿಡಿಸುತ್ತಿದ್ದರೆ ಈ ಬದಲಾವಣೆಗೂ ಪ್ರತಿ ಸಲ ಖರ್ಚು. ಒಂದೇ ಸಲ ಬಿಡಿಸಿ ಇಟ್ಟುಕೊಂಡರೆ ಮಾತ್ರ ಇದು ಪುಕ್ಕಟೆ. ಹಾಗೆ ಮುಂಚೆಯೇ ಬಿಡಿಸಿಡುವ ದೊಡ್ಡ ಕೆಲಸಕ್ಕೆ ಕೈಹಾಕಿದೆವು.

1230ರ ಒಗಟು

ಮೊದಲು ಗೆಸ್ಟ್ ಪ್ರೋಗ್ರಾಮ್‌ನ ಪ್ರತಿ ಇನ್‌ಸ್ಟ್ರಕ್ಷನ್‌ಗೂ 16 ಬೈಟ್‌ನ ಒಂದು ದಾಖಲೆ. ಅದನ್ನು ನಡೆಸುವ ಕೋಡ್‌ನ ವಿಳಾಸಕ್ಕೆ 8 ಬೈಟ್, ಇಮ್ಮೀಡಿಯೆಟ್ ಬೆಲೆಗೆ (ಇನ್‌ಸ್ಟ್ರಕ್ಷನ್‌ನೊಳಗೇ ಬರೆದಿರುವ ಸಂಖ್ಯೆಗೆ) 4, ಮೂರು ರಿಜಿಸ್ಟರ್ ಸಂಖ್ಯೆಗಳಿಗೆ 3, ಒಂದು ಖಾಲಿ. ಮೊದಲ ಸಲ ಅಲ್ಲಿಗೆ ಬಂದಾಗ ತುಂಬುವುದು, ಆಮೇಲೆ ಬರೀ ಓದುವುದು. ರಿಸ್ಕ್-ಫೈವ್‌ನಲ್ಲಿ ಜಂಪ್ ಮತ್ತು ಬ್ರಾಂಚ್‌ಗಳ ಇಮ್ಮೀಡಿಯೆಟ್ ಬಿಟ್‌ಗಳು ಚೆಲ್ಲಾಪಿಲ್ಲಿಯಾಗಿ ಕೂತಿರುತ್ತವೆ. ಹಾರ್ಡ್‌ವೇರ್‌ಗೆ ಅದು ಅನುಕೂಲ, ಸಾಫ್ಟ್‌ವೇರ್‌ಗೆ ಸಾಲುಸಾಲು ಶಿಫ್ಟ್ ಮತ್ತು ಮಾಸ್ಕ್. ಅಷ್ಟೂ ಈಗ ಒಂದೇ ಸಲ.

ಗೆಸ್ಟ್ ತನ್ನ ಕೋಡನ್ನು ತಾನೇ ತಿದ್ದಿದರೆ ಹಳೆಯ ದಾಖಲೆ ತಪ್ಪಾಗುತ್ತದೆ. ಇಲ್ಲಿ ರಿಸ್ಕ್-ಫೈವ್ ಕೈಹಿಡಿಯಿತು. ಕೋಡ್ ತಿದ್ದಿದವರು ಅದನ್ನು ನಡೆಸುವ ಮೊದಲು ಫೆನ್ಸ್-ಐ ಅನ್ನುವ ಇನ್‌ಸ್ಟ್ರಕ್ಷನ್ ನಡೆಸಬೇಕು ಅಂತ ಅಲ್ಲಿ ನಿಯಮವಿದೆ. ನಾವು ಅದು ಬಂದಾಗ ದಾಖಲೆಗಳನ್ನು ಅಳಿಸಿದರೆ ಸಾಕು, ಪ್ರತಿ ಸ್ಟೋರ್‌ನಲ್ಲೂ ಕಾವಲು ಬೇಕಿಲ್ಲ. ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ಎಮ್ಯುಲೇಟರ್ ಬರೆಯುವವರಿಗೆ ಈ ಭಾಗ್ಯ ಇಲ್ಲ.

ಹೊಸ ರೂಪ ಓಡಿತು. ಚುಕ್ಕಿಗಳೂ ಸರಿಯಾಗಿ ಬಂದವು. ಆದರೆ ಗೆಸ್ಟ್ ಎಣಿಕೆ ಹಳೆಯದಕ್ಕೆ ತಾಳೆಯಾಗಲಿಲ್ಲ. ನೆನಪಿಡಿ, ಹೋಸ್ಟ್ ಎಣಿಕೆ ಬದಲಾಗಬಹುದು, ಬದಲಾಗಲೆಂದೇ ಇಷ್ಟೆಲ್ಲ ಮಾಡಿದ್ದು. ಗೆಸ್ಟ್ ಎಣಿಕೆ ಮಾತ್ರ ಒಂದೂ ಆಚೀಚೆ ಆಗಬಾರದು. ಅದೇ ಪ್ರೋಗ್ರಾಮ್, ಅದೇ ದಾರಿ. 81 ಕೋಟಿಯಲ್ಲಿ 1230 ಕಡಿಮೆ ಬಂದಿತ್ತು.

ಇಷ್ಟು ಸಣ್ಣ ವ್ಯತ್ಯಾಸವನ್ನು ಬಿಟ್ಟುಬಿಡೋಣ ಅಂತ ಗೆಳೆಯನಿಗೆ ಒಂದು ಗಳಿಗೆ ಅನ್ನಿಸಿತ್ತು. ನನಗೆ ಮನಸ್ಸು ಬರಲಿಲ್ಲ. ಎಮ್ಯುಲೇಟರ್‌ನಲ್ಲಿ ಒಂದು ಇನ್‌ಸ್ಟ್ರಕ್ಷನ್ ತಪ್ಪಿಹೋದರೂ ಅದು ಎಲ್ಲೋ ಒಂದು ದಿನ ಬೇರೆ ರೂಪದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಯಾವ ಎಣಿಕೆ ಸರಿ ಅಂತ ಹೊರಗಿನ ಸಾಕ್ಷಿಯೊಂದನ್ನು ಕೇಳಿದೆವು. ಕ್ಯೂಎಮು ಎಮ್ಯುಲೇಟರ್‌ನಲ್ಲಿ 2019ರ ಕೊನೆಗೆ ಬಂದ 4.2 ಆವೃತ್ತಿಯಿಂದ ಪ್ಲಗಿನ್ ಸೌಲಭ್ಯ ಇದೆ. ಅದರ ಜೊತೆ ಬರುವ ಪುಟ್ಟ ಪ್ಲಗಿನ್‌ ಒಂದು ನಡೆದ ಗೆಸ್ಟ್ ಇನ್‌ಸ್ಟ್ರಕ್ಷನ್‌ಗಳನ್ನು ಎಣಿಸುತ್ತದೆ. ನಮ್ಮ ಪ್ರೋಗ್ರಾಮ್ ಲಿನಕ್ಸ್ ರೀತಿಯ ಸಿಸ್ಟಂ ಕಾಲ್‌ಗಳನ್ನೇ (ಆಪರೇಟಿಂಗ್ ಸಿಸ್ಟಂನಿಂದ ಕೆಲಸ ಕೇಳುವ ಕರೆಗಳು) ಬಳಸುತ್ತಿದ್ದರಿಂದ ಹಾಗೇ ಅಲ್ಲಿ ಓಡಿತು. ಅದರ ಎಣಿಕೆ ನಮ್ಮ ಹಳೆಯ ಎಣಿಕೆಗೆ ಸರಿಹೊಂದಿತು. ಹಾಗಾದರೆ ಹೊಸದೇ ತಪ್ಪು ಅಂತ ಇಬ್ಬರೂ ಅಂದುಕೊಂಡೆವು.

1230 ಅನ್ನುವ ಸಂಖ್ಯೆಯನ್ನೇ ದಿಟ್ಟಿಸುತ್ತಾ ಕೂತಿದ್ದಾಗ ಹೊಳೆಯಿತು. 10,000ದೊಳಗೆ ಇರುವ ಅವಿಭಾಜ್ಯ ಸಂಖ್ಯೆಗಳು 1229. ಒಂದೊಂದಕ್ಕೂ ಒಂದು ಚುಕ್ಕಿ, ಒಂದೊಂದು ಚುಕ್ಕಿಗೂ ಒಂದು ಇಕಾಲ್ (ಸಿಸ್ಟಂ ಕಾಲ್ ಮಾಡುವ ಇನ್‌ಸ್ಟ್ರಕ್ಷನ್). ಕೊನೆಗೆ ಪ್ರೋಗ್ರಾಮ್ ಮುಗಿಸಲು ಇನ್ನೊಂದು ಇಕಾಲ್. ಒಟ್ಟು 1230!

ಹಳೆಯ ಕೋಡ್‌ನಲ್ಲಿ ಕೌಂಟರ್ ಲೂಪ್‌ನ ಮೇಲ್ತುದಿಯಲ್ಲಿತ್ತು, ಇನ್‌ಸ್ಟ್ರಕ್ಷನ್ ಶುರುವಾಗುವ ಮೊದಲೇ ಏರುತ್ತಿತ್ತು. ಹೊಸದರಲ್ಲಿ ಕೊನೆಯಲ್ಲಿತ್ತು. ಇಕಾಲ್ ಬಂದಾಗ ಕೋಡ್ ಬೇರೆ ದಾರಿಯಲ್ಲಿ ಹೊರಗೆ ಹೋಗುವುದರಿಂದ ಆ ಕೌಂಟರ್ ಮುಟ್ಟುತ್ತಲೇ ಇರಲಿಲ್ಲ. ಸರಿ, ತಿದ್ದೋಣ ಅಂತ ಹೊರಟೆ. ಅದಕ್ಕೂ ಮೊದಲು ರಿಸ್ಕ್-ಫೈವ್‌ನ ಪ್ರಿವಿಲೆಜ್ಡ್ ನಿರ್ದಿಷ್ಟತೆ ತೆರೆದು ನೋಡಿದೆ. ಇಕಾಲ್ ಮತ್ತು ಇಬ್ರೇಕ್ ಎಕ್ಸೆಪ್ಶನ್ ಎಬ್ಬಿಸುವುದರಿಂದ ಅವು ರಿಟೈರ್ ಆದಂತೆ, ಅಂದರೆ ಪೂರ್ತಿಯಾದಂತೆ ಅಲ್ಲ, ಪ್ರೊಸೆಸರ್‌ನ ಮಿನ್‌ಸ್ಟ್ರೆಟ್ ಕೌಂಟರ್ ಅವಕ್ಕೆ ಏರಬಾರದು ಅಂತ ಅಲ್ಲಿ ಬರೆದಿದೆ. ಅಂದರೆ ಗೆಸ್ಟ್‌ಗೆ ತೋರಿಸಬೇಕಾದ ಎಣಿಕೆಯ ಮಟ್ಟಿಗೆ ನಮ್ಮ ಹೊಸ ಕೋಡೇ ಸರಿ, ಹಳೆಯದೇ ತಪ್ಪು. ಪ್ಲಗಿನ್ ಕೂಡ ತಪ್ಪು ಹೇಳಿರಲಿಲ್ಲ. ಅದು ಎಣಿಸುವುದು ನಡೆಸಲು ಹೊರಟದ್ದನ್ನು, ನಿರ್ದಿಷ್ಟತೆ ಹೇಳುವುದು ಪೂರ್ತಿಯಾದದ್ದನ್ನು. ಎರಡೂ "ಇನ್‌ಸ್ಟ್ರಕ್ಷನ್ ಎಣಿಕೆ"ಗಳೇ.

ಇಲ್ಲಿ ಒಂದು ಮಾತು. 20,000ದಿಂದ 10,000 ಕಳೆಯುವ ನಮ್ಮ ಉಪಾಯ ಈ 1230ನ್ನು ಮುಚ್ಚಿಹಾಕುತ್ತಿತ್ತು. ಚುಕ್ಕಿಗಳು ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತಿದ್ದವು. ಹೋಸ್ಟ್ ಎಣಿಕೆಗೆ ವ್ಯತ್ಯಾಸ ತೆಗೆಯಿರಿ, ಗೆಸ್ಟ್ ಎಣಿಕೆಯನ್ನು ಮಾತ್ರ ಯಾವಾಗಲೂ ಇಡಿಯಾಗಿ ಹೋಲಿಸಿ.

ಎಣಿಕೆ ಇಳಿದಷ್ಟು ಸಮಯ ಇಳಿಯಲಿಲ್ಲ

ಈಗ ಫಲಿತಾಂಶ. ಒಂದು ಗೆಸ್ಟ್ ಇನ್‌ಸ್ಟ್ರಕ್ಷನ್‌ಗೆ 29 ಇದ್ದದ್ದು ಸುಮಾರು 12ಕ್ಕೆ ಇಳಿಯಿತು. ಅರ್ಧಕ್ಕಿಂತ ಎಷ್ಟೋ ಕಡಿಮೆ. ಸಮಯವೂ ಅಷ್ಟೇ ಇಳಿಯುತ್ತದೆ ಅಂತ ಆಸೆಪಟ್ಟಿದ್ದೆವು. ಇಳಿದಿದ್ದು ಕಾಲು ಭಾಗದಷ್ಟು.

ಯಾಕೆ? ಪರ್ಫ್‌ಗೆ ಸೈಕಲ್‌ಗಳನ್ನೂ ಎಣಿಸು ಅಂದೆವು. ಹಳೆಯ ರೂಪದಲ್ಲಿ ಒಂದು ಸೈಕಲ್‌ನಲ್ಲಿ ನಾಲ್ಕರ ಹತ್ತಿರ ಇನ್‌ಸ್ಟ್ರಕ್ಷನ್ ಮುಗಿಯುತ್ತಿದ್ದವು. ಹೊಸದರಲ್ಲಿ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಬಿಟ್ ಬಿಡಿಸುವ ಶಿಫ್ಟ್, ಮಾಸ್ಕ್‌ಗಳು ಒಂದಕ್ಕೊಂದು ಕಾಯುವಂಥವಲ್ಲ. ಪ್ರೊಸೆಸರ್ ಅವನ್ನು ಒಟ್ಟೊಟ್ಟಿಗೆ, ಬೇರೆ ಕೆಲಸದ ಸಂದಿಯಲ್ಲಿ ಮುಗಿಸಿಬಿಡುತ್ತಿತ್ತು. ನಾವು ತೆಗೆದುಹಾಕಿದ್ದು ಅಗ್ಗದ ಇನ್‌ಸ್ಟ್ರಕ್ಷನ್‌ಗಳನ್ನು. ಉಳಿದವು ದುಬಾರಿಯವು: ಮೆಮೊರಿಯಿಂದ ವಿಳಾಸ ಓದಿ ಅಲ್ಲಿಗೆ ಹಾರುವ ಜಿಗಿತ, ಹಿಂದಿನ ಗೆಸ್ಟ್ ಇನ್‌ಸ್ಟ್ರಕ್ಷನ್‌ನ ಉತ್ತರಕ್ಕೆ ಕಾಯುವ ಲೋಡ್. ಒಂದು ಜಿಗಿತದ ಊಹೆ ತಪ್ಪಿದರೆ ಹದಿನೈದು ಇಪ್ಪತ್ತು ಸೈಕಲ್ ಹೋಗುತ್ತದೆ, ಆದರೆ ಎಣಿಕೆಯಲ್ಲಿ ಅದು ಒಂದೇ ಇನ್‌ಸ್ಟ್ರಕ್ಷನ್.

ಎಣಿಕೆ ದಾರಿ ತಪ್ಪಿಸುವ ಇನ್ನೊಂದು ಜಾಗವೂ ಕಣ್ಣಿಗೆ ಬಿತ್ತು. ಎಕ್ಸ್86ನಲ್ಲಿ ರೆಪ್ ಅನ್ನುವ ಮುನ್ನುಡಿ ಇರುವ ಇನ್‌ಸ್ಟ್ರಕ್ಷನ್ ಸಾವಿರಾರು ಬೈಟ್ ತುಂಬಿದರೂ ಕೌಂಟರ್‌ನಲ್ಲಿ ಒಂದೇ ಒಂದು. ಗೆಸ್ಟ್ ಮೆಮೊರಿಗೆಲ್ಲ ಸೊನ್ನೆ ತುಂಬುವ ಕೆಲಸ ಹಾಗೆ ಎಣಿಕೆಯಿಂದ ಹೆಚ್ಚುಕಮ್ಮಿ ಮಾಯವಾಗಬಹುದು. ಕಂಪೈಲರ್‌ನ ಆವೃತ್ತಿ ಬದಲಾದರೂ ಎಣಿಕೆ ಬದಲಾಗುತ್ತದೆ, ಹಾಗಾಗಿ ಹೋಲಿಕೆ ಒಂದೇ ಕಂಪೈಲರ್‌ನೊಳಗೆ ಮಾತ್ರ. ಕೌಂಟರ್ ಸಿಗದ ಬಾಡಿಗೆ ವರ್ಚುವಲ್ ಯಂತ್ರದಲ್ಲಿ ಕೂತಿದ್ದಾಗ ಗೆಳೆಯ ವಾಲ್‌ಗ್ರಿಂಡ್‌ನ ಕಾಲ್‌ಗ್ರಿಂಡ್ ಅನ್ನುವ, ಸಾಫ್ಟ್‌ವೇರ್‌ನಲ್ಲೇ ಎಣಿಸುವ ಸಾಧನ ಬಳಸಿದ. ಹತ್ತಾರು ಪಟ್ಟು ನಿಧಾನ, ಆದರೆ ಯಾವ ಫಂಕ್ಷನ್‌ನಲ್ಲಿ ಎಷ್ಟು ಅಂತಲೂ ಬಿಡಿಸಿ ಹೇಳುತ್ತದೆ.

ಇಷ್ಟಾದ ಮೇಲೆ ದೊಡ್ಡ ಗೆಸ್ಟ್ ಪ್ರೋಗ್ರಾಮ್ ಹಾಕಿದೆವು, ಒಂದು ಸಣ್ಣ ಕಂಪೈಲರನ್ನೇ ಆರ್‌ವಿ32ಐಗೆ ಕಂಪೈಲ್ ಮಾಡಿ. ಅಲ್ಲಿ ಎಣಿಕೆ ಚೆನ್ನಾಗಿಯೇ ಇಳಿದಿತ್ತು, ಸಮಯ ಇಳಿದೇ ಇರಲಿಲ್ಲ ಅನ್ನಬಹುದು. ಲೆಕ್ಕ ಹಾಕಿ ನೋಡಿದೆವು. ನಮ್ಮ ಯಂತ್ರದ ಮೊದಲ ಹಂತದ ಡೇಟಾ ಕ್ಯಾಶ್ 32 ಕಿಲೋಬೈಟ್. 16 ಬೈಟ್‌ನ ದಾಖಲೆಗಳು ಅಲ್ಲಿ ಹಿಡಿಸುವುದು 2048 ಮಾತ್ರ, ಅದೂ ಬೇರೇನೂ ಇಲ್ಲದಿದ್ದರೆ. ಅಂದರೆ ಬರೀ 8 ಕಿಲೋಬೈಟ್ ಗೆಸ್ಟ್ ಕೋಡ್. ಜರಡಿಗೆ ಅದು ಬೇಕಾದಷ್ಟು. ಕಂಪೈಲರ್‌ಗೆ ಎಲ್ಲಿ ಸಾಕು?

ವಿಳಾಸದ 8 ಬೈಟ್ ತೆಗೆದು, ಅದರ ಜಾಗದಲ್ಲಿ ಒಂದು ಬೈಟ್‌ನ ಸಂಖ್ಯೆ ಇಟ್ಟೆವು. ಒಂದು ಬೈಟ್ ಸಂಖ್ಯೆ, ಮೂರು ಬೈಟ್ ರಿಜಿಸ್ಟರ್, ನಾಲ್ಕು ಬೈಟ್ ಇಮ್ಮೀಡಿಯೆಟ್. ಕರಾರುವಾಕ್ಕಾಗಿ 8 ಬೈಟ್. ಈಗ ಹಾರುವ ಮೊದಲು ಆ ಸಂಖ್ಯೆ ಓದಿ ಟೇಬಲ್‌ನಲ್ಲಿ ವಿಳಾಸ ಹುಡುಕಬೇಕು, ಪ್ರತಿ ಗೆಸ್ಟ್ ಇನ್‌ಸ್ಟ್ರಕ್ಷನ್‌ಗೆ ಒಂದು ಹೋಸ್ಟ್ ಇನ್‌ಸ್ಟ್ರಕ್ಷನ್ ಜಾಸ್ತಿ. ಎಣಿಕೆ 12ರಿಂದ 13ಕ್ಕೆ ಏರಿತು. ಜರಡಿಯ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಪ್ರೋಗ್ರಾಮ್ ಮಾತ್ರ ಗಡಿಯಾರದ ಗದ್ದಲವನ್ನೂ ಮೀರಿ, ಪ್ರತಿ ಸಲವೂ ಬೇಗ ಮುಗಿಯತೊಡಗಿತು. ಆ ಬದಲಾವಣೆಯನ್ನು ಉಳಿಸಿಕೊಂಡೆವು. ಅದರ ಕಮಿಟ್ ಸಂದೇಶದಲ್ಲಿ (ಬದಲಾವಣೆಯ ಜೊತೆ ಉಳಿಯುವ ಟಿಪ್ಪಣಿಯಲ್ಲಿ) ಗೆಸ್ಟ್ ಎಣಿಕೆ, ಹೋಸ್ಟ್ ಎಣಿಕೆ, ಸೈಕಲ್ ಮೂರನ್ನೂ ಬರೆದು, ಹೋಸ್ಟ್ ಎಣಿಕೆ ಯಾಕೆ ಏರಿದೆ ಅಂತಲೂ ಗೆಳೆಯ ಒಂದು ಸಾಲು ಸೇರಿಸಿದ.